ತಾನಾಗಿ ಏರುವ ನೀರು

ಅಕ್ಕಾ,

ನೀನೇ ಸರಿ ಎಂದು ಹೇಳಲು ಬರೆಯುತ್ತಿಲ್ಲ, ಹಿಗ್ಗಬೇಡ. ಈ ಕಾಗದ ನಿನಗೆ ಹೇಗೂ ತಲುಪುವುದಿಲ್ಲ; ನೀನು ಎಲ್ಲಿದ್ದೀಯೋ ಯಾರಿಗೆ ಗೊತ್ತು.

ನಮ್ಮ ಹಳೇ ಕಾರಿಗೆ ಕೊನೆಗೂ ಟರ್ಬೊ ಕೂರಿಸಿದೆ, ಇಂಜಿನ್ನಿಗೆ ಗಾಳಿ ತುರುಕಿ ಬಲ ಹೆಚ್ಚಿಸುವ ಅದೇ ಸುಡುಸುಡು ಯಂತ್ರ. ಅದನ್ನು ತಣಿಸುವ ನೀರಿನ ಪೈಪನ್ನು ಅವತ್ತು ನಿನ್ನೆದುರು ಹಟ ಹಿಡಿದಂತೆಯೇ ಗಿಡ್ಡ ಮಾಡಿ, ಕೆಳಗೆ ಬಗ್ಗಿಸಿ ಎಳೆದಿದ್ದೆ. ಇಂಜಿನ್ ಆರಿಸಿದರೆ ಒಳಗೆ ನೀರು ಗುಳುಗುಳು ಕುದಿಯುತ್ತಿತ್ತು. ಇವತ್ತು ಅದನ್ನು ಬಿಚ್ಚಿ, ಟರ್ಬೊದಿಂದ ಮೇಲಿನ ನೀರಿನ ಟ್ಯಾಂಕಿನವರೆಗೆ ಎಲ್ಲೂ ತಗ್ಗದಂತೆ ಏರುಮುಖವಾಗಿ ಹಾಕಿದೆ. "ಬಿಸಿನೀರು ತಾನಾಗೇ ಮೇಲೆ ಹೋಗುತ್ತೆ ಕಣೇ, ನೀನು ಅಡ್ಡ ಬರ್ಬೇಡ ಅಷ್ಟೆ" ಅಂದಿದ್ದೆಯಲ್ಲ, ಸ್ಪ್ಯಾನರ್ ಎಸೆದು ಮನೆ ಬಿಟ್ಟು ಹೊರಟುಹೋಗುವ ಮುಂಚೆ.

ಸಂಜೆ ಒಂದು ಸುತ್ತು ಓಡಿಸಿ ಬಂದು ಆರಿಸಿದೆ. ಪಂಪು ನಿಂತಿತು, ಫ್ಯಾನು ನಿಂತಿತು. ಶೆಡ್ಡಿನ ಬೆಳಕೂ ತೂಕಡಿಸುತ್ತಿತ್ತು. ಪೈಪಿನ ಮೇಲೆ ಒರೆಸುವ ಬಟ್ಟೆ ಹಾಕಿ ಅಂಗೈ ಇಟ್ಟೆ. ಯಾರೂ ತಳ್ಳದೆ, ಯಾರೂ ಕರೆಯದೆ, ನಿದ್ದೆಯಲ್ಲಿ ನಡೆಯುವವರ ಹಾಗೆ ನೀರು ಮೆಲ್ಲಗೆ ಮೇಲೇರುತ್ತಿತ್ತು.

ನೀನು ಹೋದಾಗಿನಿಂದ ಶೆಡ್ಡಿಗೆ ಕಾಲಿಡದ ಅಮ್ಮ, ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. ನನ್ನ ಕೈಯ ಪಕ್ಕ ತನ್ನ ಕೈ ಇಟ್ಟಳು.

"ಇಂಜಿನ್ ನಿಂತಿದೆಯಲ್ಲೇ."

"ನಿಂತು ಆಗಲೇ ಎಷ್ಟೊತ್ತಾಯ್ತಮ್ಮ."

"ನೀರು ಇನ್ನೂ ಹೋಗ್ತಾನೇ ಇದೆ," ಅಂದಳು. ಕೈ ತೆಗೆಯಲಿಲ್ಲ.

ನಿನ್ನ ಮಾತು ಕೇಳಿದರೆ ಪೈಪು ವಿನಾಕಾರಣ ಉದ್ದವಾಗುತ್ತದೆ ಎಂದು ಅವತ್ತು ಜಗಳ ತೆಗೆದಿದ್ದೆ. ಉದ್ದವೇ ಆಯಿತು. ನಾವಿಬ್ಬರೂ ಕೈ ಇಟ್ಟ ಮೇಲೂ ಇನ್ನೊಂದು ಕೈಗೆ ಜಾಗ ಉಳಿದಿದೆ.