ಐದು ಗಂಟೆಯವರೆಗೆ

ಅಪ್ಪಾ,

ನೀನಿದ್ದಿದ್ದರೆ ಇವತ್ತು ನಗುತ್ತಿದ್ದೆಯೋ, ಬೈಯುತ್ತಿದ್ದೆಯೋ! ಬೆಳಿಗ್ಗೆ ಕಂಪನಿಯವರು ನನ್ನನ್ನು ಕೆಲಸದಿಂದ ತೆಗೆದರು. ಸಂಜೆ ಐದಕ್ಕೆ ಹೊರಡಬೇಕಿತ್ತು. ಮೂರಕ್ಕೆ ಫೋನು ಬಂತು. ಮನೆ ಸಾಲಕ್ಕೆ ಅರ್ಜಿ ಹಾಕಿದ್ದೆನಲ್ಲ, ಆ ಬ್ಯಾಂಕಿನವರು. ಕಂಪನಿಗೆ ಬರುವ ಕರೆಗಳನ್ನೆಲ್ಲ ಎತ್ತುವವಳು ನಾನೇ ತಾನೆ! ನನ್ನದೇ ಹೆಸರು ಹೇಳಿ, "ಈ ಮೇಡಂ ನಿಮ್ಮಲ್ಲೇ ಕೆಲಸ ಮಾಡ್ತಾರಾ?" ಎಂದರು. ಬರೀ ಹೂಂ ಎಂದಿದ್ದರೆ ಮನೆ ಕೈಗೆ ಬಂದ ಹಾಗೇ. ಆದರೆ ನಾನೆಂದೆ:

"ಮಾಡ್ತಾರೆ ಸಾರ್, ಐದು ಗಂಟೆವರೆಗೆ."

ಸಾಲ ಹೋಯಿತು. ಆದರೂ ಕುಣಿಯುವಷ್ಟು ಹುರುಪು! ಬರುವಾಗ ಸುತ್ತಿಗೆ ಕೊಂಡೆ. ಸ್ವಂತ ಗೋಡೆ ಬರಲಿ ಎಂದು, ನೀನು ಹೋದಾಗಿನಿಂದ ನಿನ್ನ ಫೋಟೋ ಬೀರುವಿನೊಳಗೇ ಇತ್ತು. "ಬಾಡಿಗೆ ಗೋಡೆಗೆ ಮೊಳೆ ಹೊಡೀಬೇಡಮ್ಮಾ" ಅನ್ನುತ್ತಿದ್ದೆಯಲ್ಲ.

ಈಗಷ್ಟೇ ಹೊಡೆದೆ, ನೋಡು.