ಕಾಲ್ಬೆರಳಿನ ಮೂಳೆ

ಚಾಮರಾಜಪೇಟೆ,
22-11-2025, ಶನಿವಾರ

ಪ್ರೀತಿಯ ಅಮ್ಮಾ,

ಮಧ್ಯಾಹ್ನ ಮೂರೂಕಾಲಿಗೆ ಅಡುಗೆಮನೆಯ ಅಟ್ಟದಿಂದ ಹಿತ್ತಾಳೆ ಕೊಳಗ ಬಿದ್ದ ಸದ್ದಿಗೆ ಎಚ್ಚರವಾಯಿತು. ಮೂರು ರಾತ್ರಿಯಿಂದ ನಿದ್ದೆಯಿಲ್ಲದೆ ಆಗತಾನೇ ಕಣ್ಣು ಹತ್ತಿತ್ತು. ಬೀದಿನಾಯಿ ಬೊಗಳಿತು, ಎದುರುಮನೆಯವರು ಕಿಟಕಿ ತೆರೆದು ಏನಾಯ್ತೆಂದು ಕೇಳಿದರು. ಪಕ್ಕದಲ್ಲೇ ಮಲಗಿದ್ದ ನನ್ನ ಪುಟ್ಟಿ ಮಾತ್ರ ಮಗ್ಗುಲು ಬದಲಿಸಲಿಲ್ಲ. ನಿನ್ನ ಮಂಡಿನೋವು ಹೇಗಿದೆ? ಮೈಸೂರಿನ ಚಳಿಗೆ ಕಾಲುಚೀಲ ಹಾಕಿಕೊಂಡೇ ಓಡಾಡು. ನಾಳೆ ತಂಗಿ ಲಾಸ್ಯಾಳ ನಿಶ್ಚಯವೆಂದು ಅವಳಿಗಿಂತ ಸಂಭ್ರಮದಿಂದ ನೀನು ದೊಡ್ಡಮಾವನ ಮನೆಯಲ್ಲಿ ಚಕ್ಕುಲಿ ಕರಿಯುತ್ತಾ ನಿಂತಿರುತ್ತೀಯ, ಗೊತ್ತು. ನಾವು ಬೆಳಗಿನ ಮೊದಲ ರೈಲಿಗೆ ಬರಬೇಕು.

ಮಕ್ಕಳ ವಿಜ್ಞಾನ ಪುಸ್ತಕಕ್ಕೆ ಪಾಠ ಬರೆಯುವ ಕೆಲಸ ಒಪ್ಪಿಕೊಂಡಿದ್ದೆನಲ್ಲ, ಅದರಲ್ಲಿ ಸಾವಿರಾರು ವರ್ಷಗಳ ಹಿಂದೆ ಅಳಿದುಹೋದ ನಿಯಾಂಡರ್ತಾಲ್ ಮನುಷ್ಯರ ಭಾಗ ನನ್ನದು. ‘ಮಂಗನ ಥರದವ್ರೇನೇ?’ ಎಂದು ಕೇಳಿದ್ದೆ ನೀನು. ಅಲ್ಲಮ್ಮಾ. ಬೆಂಕಿ ಹಚ್ಚುತ್ತಿದ್ದರು, ಗಾಯಗೊಂಡವರನ್ನು ನೋಡಿಕೊಳ್ಳುತ್ತಿದ್ದರು. ಯುರೋಪಿನಿಂದ ಸೈಬೀರಿಯಾದವರೆಗೆ ಲಕ್ಷಾಂತರ ವರ್ಷ ಬಾಳಿದರು. ಹಿಮ ಹೆಚ್ಚಿದಾಗ ಕುಗ್ಗಿದರು, ಕರಗಿದಾಗ ಮತ್ತೆ ಹರಡಿದರು; ಕೆಲವು ಕಡೆ ಹಳಬರು ಹೋಗಿ ಬೇರೆ ಗುಂಪಿನವರು ಬಂದರು. ಎಲ್ಲಿ ನೋಡಿದರೂ ಹತ್ತಿಪ್ಪತ್ತು ಜನರ ಸಣ್ಣ ಗುಂಪುಗಳೇ. ಫ್ರಾನ್ಸಿನ ಒಂದು ಗುಂಪು, ಕೆಲವು ದಿನಗಳ ನಡಿಗೆಯಷ್ಟು ದೂರದಲ್ಲಿ ತಮ್ಮಂಥವರೇ ಇದ್ದರೂ, ಐವತ್ತು ಸಾವಿರ ವರ್ಷ ಯಾರೊಂದಿಗೂ ಬೆರೆಯಲಿಲ್ಲವಂತೆ. ಸೈಬೀರಿಯಾದ ಗುಹೆಯೊಂದರಲ್ಲಿ ಒಬ್ಬ ಹೆಂಗಸಿನ ಕಾಲ್ಬೆರಳಿನ ಮೂಳೆ ಸಿಕ್ಕಿತು. ಪರೀಕ್ಷಿಸಿದವರಿಗೆ ಅವಳ ಅಪ್ಪ ಅಮ್ಮ ತೀರಾ ಹತ್ತಿರದವರೆಂದು ತಿಳಿಯಿತು. ತಾಯಿ ಒಬ್ಬಳೇ, ತಂದೆ ಬೇರೆಯಾದ ಅಣ್ಣತಂಗಿ ಇರಬಹುದು, ಇಲ್ಲವೇ ಮಾವ ಮತ್ತು ಸೋದರಸೊಸೆ. ಆ ಸಾಲಿಗೆ ಬಂದು ನನ್ನ ಪೆನ್ನು ನಿಂತುಬಿಟ್ಟಿತು.

ನಿನ್ನ ತಮ್ಮನಿಗೇ ನನ್ನನ್ನು ಕೊಟ್ಟದ್ದಕ್ಕೆ ನನಗೆ ದೂರಿಲ್ಲ. ಇವತ್ತಿಗೂ ಬಾಯಿತಪ್ಪಿ ವಾದಿರಾಜ ಮಾವ ಎಂದೇ ಕರೆಯುತ್ತೇನೆ, ಅವರು ನಗುತ್ತಾರೆ. ಪುಟ್ಟಿ ಹುಟ್ಟಿದಾಗ ಅಜ್ಜಿ, ‘ಮೊಮ್ಮಗಳೂ ಇವ್ಳೇ, ಮರಿಮಗಳೂ ಇವ್ಳೇ, ಒಂದೇ ತೊಟ್ಟಿಲಿಗೆ ಎರಡು ಸಲ ಪಾಯಸ ಮಾಡ್ಬೇಕು’ ಅಂದಾಗ ನಾನೂ ನಕ್ಕಿದ್ದೆ. ನಿನ್ನೆ ಪುಟ್ಟಿಯ ವಂಶವೃಕ್ಷ ಬರೆದೆ. ಮೇಲಕ್ಕೆ ಹೋದಂತೆ ಹೊಸ ಹೆಸರುಗಳು ಬರಬೇಕು. ಅಜ್ಜಿಯೂ ತಮ್ಮ ಸೋದರಮಾವನನ್ನೇ ಮದುವೆಯಾದವರಲ್ಲವೇ, ಅಜ್ಜನ ತಂದೆತಾಯಿಯ ಹೆಸರನ್ನು ನಾಲ್ಕು ಕಡೆ ಬರೆಯಬೇಕಾಯಿತು. ನಿನ್ನ ತಂಗಿ ಗೋದಾ ಚಿಕ್ಕಮ್ಮನ ಹೆಸರಿನ ಸುತ್ತ ಒಂದು ಗೆರೆ ಎಳೆದೆ. ಜ್ವರ ಬಂದು ಕಿವಿ ಹೋಯಿತು ಎನ್ನುತ್ತೀರಿ. ಯಾವ ಜ್ವರ, ಎಷ್ಟನೇ ವಯಸ್ಸಿಗೆ ಎಂದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಈಗ ಲಾಸ್ಯಾಳನ್ನು ದೊಡ್ಡಮಾವನ ಮಗ, ನಿನ್ನ ಸೋದರಳಿಯ ಶ್ರೀಹರಿಗೆ ಕೊಡುತ್ತಿದ್ದೀರಿ. ಹುಡುಗ ಚಿನ್ನದಂಥವನು, ಅದಕ್ಕೆ ಎರಡು ಮಾತಿಲ್ಲ. ‘ಮನೆ ಹುಡುಗಿ ಮನೇಲೇ ಇರ್ಲಿ’ ಎನ್ನುತ್ತಾರೆ ಅಜ್ಜಿ. ಆ ಗುಹೆಯವರು ಅಳಿದದ್ದು ಇದೊಂದರಿಂದಲೇ ಎಂದು ಯಾರೂ ಹೇಳುವುದಿಲ್ಲ. ಪಾಪ, ಅವರಿಗೆ ಬೇರೆ ಯಾರೂ ಸಿಕ್ಕಿರಲಿಕ್ಕಿಲ್ಲ. ನಮಗೆ ಊರು ತುಂಬ ಜನ.

ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಫೋನು ಸದಾ ಸ್ಪೀಕರಿನಲ್ಲಿ, ಪಕ್ಕದಲ್ಲಿ ಅಜ್ಜಿ. ಅದಕ್ಕೇ, ಮಾರ್ಕೆಟ್ಟಿನಿಂದ ಹಾರಗಳನ್ನು ಹೊತ್ತು ಸಂಜೆ ರೈಲಿಗೆ ಬರುವ ಎದುರುಮನೆ ಗಂಗಾಧರಯ್ಯನವರ ಕೈಯಲ್ಲಿ, ಇಲ್ಲಿ ಹೊಲಿಸಿದ ಲಾಸ್ಯಾಳ ರವಿಕೆಯ ಮಡಿಕೆಯೊಳಗಿಟ್ಟು ಇದನ್ನು ಕಳಿಸುತ್ತಿದ್ದೇನೆ. ಅಜ್ಜಿಗೆ ನಮಸ್ಕಾರ, ಲಾಸ್ಯಾಗೆ ನನ್ನ ಮುತ್ತು.

ನಿನ್ನ ಮಗಳು,
ಆರಾಧನಾ

ತಾ.ಕ.: ಗಂಗಾಧರಯ್ಯನವರು ಬಾಗಿಲಲ್ಲಿ ನಿಂತಿದ್ದಾರೆ. ಬುಧವಾರ ಯಾರಿಗೂ ಹೇಳದೆ ಪುಟ್ಟಿಯ ಕಿವಿ ಪರೀಕ್ಷೆ ಮಾಡಿಸಿದೆ. ಎರಡೂ ಕೇಳುವುದಿಲ್ಲಮ್ಮಾ. ಡಾಕ್ಟರು ಮೊದಲು ಕೇಳಿದ್ದು, ‘ನೀವಿಬ್ರೂ ಸಂಬಂಧಾನಾ?’ ಅಂತ. ಇದು ರಕ್ತದಲ್ಲೇ ಬಂದಿರಬಹುದು, ಲಾಸ್ಯಾ ಶ್ರೀಹರಿ ಇಬ್ಬರಲ್ಲೂ ಅಡಗಿರಬಹುದು, ಪರೀಕ್ಷೆ ಮಾಡಿದರೆ ತಿಳಿಯುತ್ತದೆ ಎಂದರು. ಇವರಿಗೂ ಇನ್ನೂ ಹೇಳಿಲ್ಲ. ಸಂಬಂಧ ಮುರಿ ಎನ್ನುತ್ತಿಲ್ಲ, ಪರೀಕ್ಷೆಯಾಗುವವರೆಗೆ ತಾಂಬೂಲ ಬದಲಾಯಿಸಬೇಡಿ. ಸ್ಪೀಕರ್ ಹಾಕದೆ, ಟೆರೇಸಿಗೆ ಹೋಗಿ ಒಬ್ಬಳೇ ಫೋನ್ ಮಾಡು. ಎಷ್ಟು ಹೊತ್ತಾದರೂ ಸರಿ, ಬೆಳಗಾಗುವುದರೊಳಗೆ ಮಾಡಮ್ಮಾ. ಪುಟ್ಟಿಯ ತಲೆದಿಂಬಿನ ಪಕ್ಕದಲ್ಲೇ ಫೋನ್ ಇಟ್ಟುಕೊಂಡಿರುತ್ತೇನೆ. ಅವಳಿಗೆ ಎಚ್ಚರವಾಗುತ್ತದೆಂದು ಅಂಜಬೇಡ, ಮಾಡು.