ಸುಜಾತಾಳಿಗೆ ಬಾರದ ಟೈಫಾಯಿಡ್

ನನ್ನ ಪ್ರೀತಿಯ ಅಕ್ಕೋರೆ,

ರಾತ್ರಿ ಎರಡೂ ಮುಕ್ಕಾಲು. ನಳದೊಳಗೆ ಬುಸ್ ಅಂತ ಗಾಳಿ ಬಂದ ಸಪ್ಪಳಕ್ಕೆ ಎದ್ದೆ. ಭಾಲ್ಕಿಯಲ್ಲಿ ಈಗ ಹನ್ನೊಂದು ದಿನಕ್ಕೊಮ್ಮೆ ನೀರು. ಎರಡು ಕೊಡ ತುಂಬುವಷ್ಟರಲ್ಲಿ ಅದೂ ನಿಂತಿತು. ಕೂಸು ಎದ್ದು ಅತ್ತಿತು, ಹಾಲು ಕೊಟ್ಟು ಮಲಗಿಸಿದೆ. ನನಗೆ ಮಾತ್ರ ಕಣ್ಣು ಮುಚ್ಚಲಾಗುತ್ತಿಲ್ಲ. ಖರೇ ಹೇಳಬೇಕೆಂದರೆ, ನಿದ್ದೆ ಕೆಡಿಸಿದ್ದು ನಳ ಅಲ್ಲ, ಒಂಬತ್ತು ಗಂಟೆಗೆ ಬಂದ ಒಂದು ಫೋನು. ನೀವು ತೀರಿಹೋಗಿ ಒಂದೂವರೆ ವರ್ಷವಾಯಿತು. ಆದರೂ ಇದನ್ನು ನಿಮಗಲ್ಲದೆ ಯಾರಿಗೆ ಹೇಳಲಿ?

ಆಸ್ಪತ್ರೆಯ ಮಂಚದ ಮೇಲೆ ಕೂತು ನಿಮ್ಮ ಭಾನುವಾರದ ಕ್ಲಾಸನ್ನು ನನಗೆ ಒಪ್ಪಿಸಿದ್ದು ನೆನಪಿದೆಯಾ? "ನಮ್ಮ ಡಿಗ್ರಿ ಮಕ್ಕಳಿಗಿ ಪಿಎಚ್.ಡಿ. ಅಂದ್ರ ದೊಡ್ಡೋರ ಮನಿ ಮದಿವಿ ಅನಸ್ತದ. ಕರೀಲಾರದೆ ಹ್ಯಾಂಗ ಹೋಗೂದು ಅಂತ ಹೊರಗೇ ನಿಂತಿರ್ತಾರ. ನೀ ಕೈ ಹಿಡದು ಒಳಗ ಕರಕೊಂಡು ಹೋಗು," ಅಂದಿರಿ. ಹಿಡಿದಿದ್ದೇನೆ, ಅಕ್ಕೋರೆ. ಈಗ ಐವರಿದ್ದಾರೆ. ಔರಾದ ಕಡೆಯ ಮರಾಠಿ ಮಾತಿನ ಹುಡುಗ, ತಾಂಡಾದವನೊಬ್ಬ, ಬೀದರಿನಿಂದ ಬಸ್ಸಿಗೆ ಬರುವ ದಖನಿ ಮಾತಿನ ಇಬ್ಬರು ಹುಡುಗಿಯರು, ಠಾಣಾ ಕುಶನೂರಿನ ಸುಜಾತಾ. ಸಂಶೋಧನಾ ಲೇಖನ ಹೇಗೆ ಓದುವುದು, ಅರ್ಜಿ ಹೇಗೆ ಬರೆಯುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ನಾಚದೆ ಹೇಗೆ ಹೇಳುವುದು, ನೀವು ನಮಗೆ ಕಲಿಸಿದ್ದನ್ನೇ ಅವರಿಗೆ ಕಲಿಸುತ್ತಿದ್ದೇನೆ. ಕಲಿಸುತ್ತಿದ್ದೇನೆ ಅಂದುಕೊಂಡಿದ್ದೆ.

ಸುಜಾತಾ ಮೊದಲ ಸಲ ಬಂದ ದಿನ ಒಂದು ಕೈಚೀಲದಲ್ಲಿ ಜೋಳ ತಂದಿದ್ದಳು. ಮೊದಲ ಬರದ ವರ್ಷ ಅವಳ ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಹೋದರು. ಇವಳೂ ಕಾಲೇಜು ಬಿಟ್ಟು ಅವರ ಜೊತೆ ಒಂದು ವರ್ಷ ಇಟ್ಟಂಗಿ ಹೊತ್ತಳು. ತಿರುಗಿ ಬಂದು ಬಿತ್ತಿದರೆ ಚೀಲದಲ್ಲಿಟ್ಟ ಬೀಜ ಹುಟ್ಟಲಿಲ್ಲ, ಊರಲ್ಲೇ ಉಳಿದಿದ್ದ ಅಜ್ಜಿ ಗಡಿಗೆಯಲ್ಲಿ ಬೂದಿ ಬೆರೆಸಿ ಇಟ್ಟದ್ದು ಹುಟ್ಟಿತು. "ಮೇಡಂ, ಒಂದೇ ಹೊಲದ ಜೋಳ, ಒಂದೇ ಮನ್ಯಾಗ ಇತ್ತು. ಆಯಿ ಬೀಜ ಅಷ್ಟೇ ಹ್ಯಾಂಗ ಬದುಕ್ತು?" ಎಷ್ಟು ಚೆಂದದ ಪ್ರಶ್ನೆ ನೋಡಿರಿ! ಆ ವರ್ಷ ಅವಳು ಊರು ಬಿಡದೇ ಇದ್ದಿದ್ದರೆ ಈ ಪ್ರಶ್ನೆ...

ಅರ್ಜಿ ತುಂಬಿದ ಆ ಮಧ್ಯಾಹ್ನ ನನ್ನ ಕಣ್ಣಿಂದ ಹೋಗುತ್ತಿಲ್ಲ. ಎಂ.ಎಸ್ಸಿ., ಪಿಎಚ್.ಡಿ. ಎರಡೂ ಸೇರಿದ ಕೋರ್ಸಿಗೆ ಅರ್ಜಿ. ಓದು ನಡುವೆ ನಿಂತಿದ್ದರೆ ಕಾರಣ ಬರೆಯಿರಿ ಎಂದಿತ್ತು. "ದುಡಿಯಲು ಹೋಗಿದ್ದೆ," ಅಂತ ಬರೆದಿದ್ದಳು. ನಾನೇ ಹೊಡೆದುಹಾಕಿದೆ. "ಹಂಗ ಬರದ್ರ ಇಕಿ ನಾಳೆ ಇದನ್ನೂ ಬಿಟ್ಟು ಹೋಗ್ತಾಳ ಅಂತ ತಿಳೀತಾರವ್ವ. ಟೈಫಾಯಿಡ್ ಆಗಿತ್ತು ಅಂತ ಬರಿ." ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಬರೆದಳು. ಮೇಡಂ ಹೇಳಿದ ಮೇಲೆ ಮುಗಿಯಿತಲ್ಲ?

ಬೆಳಿಗ್ಗೆ ಹತ್ತಕ್ಕೆ ಹೈದರಾಬಾದಿನಲ್ಲಿ ಅವಳ ಸಂದರ್ಶನ. ಈ ವರ್ಷವೂ ಅಪ್ಪ ಅವ್ವ ಅಲ್ಲೇ ದುಡಿಯುತ್ತಿದ್ದಾರೆ, ಇವತ್ತು ರಾತ್ರಿ ಅವರ ಶೆಡ್ಡಿನಲ್ಲೇ ಇದ್ದಾಳೆ. ಒಂಬತ್ತು ಗಂಟೆಗೆ ಫೋನ್ ಮಾಡಿ ಮೆಲ್ಲಗೆ ಕೇಳಿದಳು, "ಮೇಡಂ, ಟೈಫಾಯಿಡ್ ಎಷ್ಟ್ ದಿನ ಇತ್ತು ಅಂತ ಹೇಳ್ಲಿ?"

"ಒಂದ್ ತಿಂಗಳು ಅನ್ನು."

"ತಿಂಗಳ ಬ್ಯಾನಿಗಿ ವರ್ಷ ಯಾಕ ಹೋಯ್ತು ಅಂದ್ರ?"

ಹಿಂದಿನಿಂದ ಅವಳ ಅಪ್ಪನ ದನಿ ಕೇಳಿಸಿತು. "ಯಾರಿಗಿ ಬಂದಿತ್ತವ್ವ ಟೈಫಾಯಿಡ್? ನಾಕ್ ಮಾಳಗಿ ತನಕ ಇಟ್ಟಂಗಿ ಹೊತ್ತಾಕಿ ನೀ! ಆ ಬಿಲ್ಡಿಂಗ್ ಇನ್ನಾ ನಿಂತದ, ಕರಕೊಂಡ್ ಹೋಗಿ ತೋರಸ್ಲೇನು ಅವರಿಗಿ?" ಅವ್ವ ನಕ್ಕದ್ದೂ ಕೇಳಿಸಿತು. ಆಮೇಲೆ ಅಪ್ಪ ದನಿ ಇಳಿಸಿ, "ನಾವ್ ದುಡದಿದ್ದು ರೋಗ ಆಯ್ತೇನು ಹಂಗಾದ್ರ?" ಅಂದರು. ಸುಜಾತಾ ಫೋನ್ ಇಟ್ಟುಬಿಟ್ಟಳು.

ಗಾಂಧಿ ಗಂಜದ ಮಾರ್ಕೆಟ್ಟಿನ ಆ ಮುಂಜಾನೆ ನಿಮಗೆ ಮರೆತಿರಲಿಕ್ಕಿಲ್ಲ. ನನ್ನ ಅರ್ಜಿಯಲ್ಲಿ ತಂದೆಯ ಉದ್ಯೋಗ "ವ್ಯಾಪಾರ" ಎಂದು ಬರೆದಿದ್ದೆ. ನೀವು ಬೈಯಲಿಲ್ಲ. ಸೀದಾ ಗಂಜಕ್ಕೆ ಕರೆದೊಯ್ದು, ಚೀಲ ಹೊತ್ತು ಬೆವರಿದ್ದ ನನ್ನಪ್ಪನನ್ನು ಕೂಡಿಸಿ, "ನಿನ್ನ ಪ್ರಶ್ನೆ ಇವರಿಗಿ ತಿಳಿಯೂ ಹಂಗ ಹೇಳು," ಅಂದಿರಿ. ಇಬ್ಬನಿಗೆ ತೊಗರಿ ಹೂವು ಯಾಕೆ ಉದುರುತ್ತದೆ ಅಂತ ತೊದಲಿದೆ. ಅಪ್ಪ ಕೇಳಿ, "ಬದುವಿನ ಮ್ಯಾಲಿನ ಗಿಡದ್ದು ಅಷ್ಟು ಉದರಂಗಿಲ್ಲಲ್ಲ, ಅದ್ಯಾಕ?" ಅಂದ. ಆ ಪ್ರಶ್ನೆಯನ್ನೂ ಬರೆದುಕೊಂಡೆ. ನೀವು ನಗುತ್ತಾ ಹೊಸ ಅರ್ಜಿ ಕೈಗಿಟ್ಟಿರಿ. ಅದರಲ್ಲಿ "ಹಮಾಲ" ಅಂತ ನನ್ನ ಕೈಯಾರೆ ಬರೆದೆ. ಅಷ್ಟೆಲ್ಲ ಕಂಡವಳು ಇನ್ನೊಬ್ಬರ ಮಗಳಿಗೆ ಅದೇ ನಾಚಿಕೆ ಹೇಗೆ ಕಲಿಸಿದೆ, ಅಕ್ಕೋರೆ?

ಈಗ ಮೆಸೇಜು ಹಾಕಿದ್ದೇನೆ. "ತಪ್ಪು ನಂದು. ಅವರು ಕೇಳುವ ಮೊದಲೇ ಖರೇ ಹೇಳಿಬಿಡು. ಅರ್ಜಿಯಲ್ಲಿ ಸುಳ್ಳು ಯಾಕೆ ಅಂದರೆ ಮೇಡಂ ಬರೆಸಿದರು ಅನ್ನು, ನನ್ನ ನಂಬರು ಕೊಡು." ಸುಳ್ಳು ಬರೆದಳೆಂದು ಅವರು ತೆಗೆದುಹಾಕಿದರೆ? ಆದರೆ ಆಯ್ಕೆಯಾಗಿ, ಐದಾರು ವರ್ಷ ಆ ಸುಳ್ಳಿನ ಮೇಲೆ ಕೂತು ಓದುವುದು? ಅದಕ್ಕಿಂತ ಬೈಗುಳ ನನಗೇ ಬರಲಿ. ಅವಳ ಪರವಾಗಿ ಪತ್ರ ಬರೆದು ಸಹಿ ಮಾಡಿ ಕಳಿಸುತ್ತೇನೆ, ಇದು ನಿಮಗೆ ನಾನು ಕೊಡುವ ಮಾತು.

ಆದರೆ ಮೆಸೇಜು ಮುಟ್ಟಿಲ್ಲ. ಫೋನ್ ಹಚ್ಚಿದರೆ ಸ್ವಿಚ್ಚಾಫ್. ಶೆಡ್ಡಿನಲ್ಲಿ ಕರೆಂಟ್ ಇದೆಯೋ ಇಲ್ಲವೋ, ಚಾರ್ಜು ಮುಗಿಯಿತೋ ಏನೋ. ಎಂಟಕ್ಕೆಲ್ಲ ಅವಳು ಬಸ್ ಹತ್ತುತ್ತಾಳೆ. ಅಕ್ಕೋರೆ, ನಾನು ಸೋತೆ. ನೀವಿರುವ ಕಡೆಯಿಂದ ಹೇಗಾದರೂ ಮಾಡಿ ಬೆಳಗಾಗುವುದರೊಳಗ ಅಕಿಗೊಂದು ಫೋನ್ ಮಾಡ್ರಿ. ಅವರಪ್ಪ ಎತ್ತಿದರ, ಮೊದಲ ಅವರಿಗಿ ನನ್ನ ಪರವಾಗಿ ತಪ್ಪಾಯ್ತು ಅನ್ರಿ. ಆಮ್ಯಾಲ ಫೋನ್ ಮಗಳ ಕೈಯಾಗ ಕೊಡ್ರಿ ಅನ್ರಿ.